ಫ್ಯಾನ್ ಗೇಮ್‌ಗೆ ಸಂಗೀತ: ಮಿಡಿನಾ, ಓಜಿಜಿನಾ, ಟ್ರ್ಯಾಕರಾ?

"ಒಂದು ಎಂಪಿ3 ಕಳಿಸು, ಸಾಕು" ಅಂದಿದ್ದ ಗೆಳೆಯ. ಹಳೇ 8-ಬಿಟ್ ಗೇಮ್‌ಗಳ ಧಾಟಿಯಲ್ಲಿ ಅವನೊಂದು ಫ್ಯಾನ್ ಗೇಮ್, ಅಂದರೆ ಅಭಿಮಾನಿಯಾಗಿ ತಾನೇ ಕಟ್ಟುವ ಗೇಮ್, ಮಾಡುತ್ತಿದ್ದ. ನಾನು ಮೊದಲ ಲೆವೆಲ್‌ಗೆ ಟ್ಯೂನ್ ಮಾಡಿ, ಎಂಪಿ3 ಮಾಡಿ ಕಳಿಸಿದೆ. ಹೆಡ್‌ಫೋನ್‌ನಲ್ಲಿ ಸೊಗಸಾಗಿತ್ತು. ಗೇಮ್‌ನಲ್ಲಿ ಹಾಕಿದರೆ ನಿಮಿಷಕ್ಕೊಮ್ಮೆ ಟಪ್ ಅಂತ ಸಣ್ಣ ಮೌನ. ಟ್ಯೂನ್ ಮುಗಿದು ಮತ್ತೆ ಶುರುವಾಗುವ ಕಡೆ ಪ್ರತಿ ಸಲ ಎಡವುತ್ತಿತ್ತು. ಆಡುವವನು ಗುಂಡಿ ಹಾರಿ ದಾಟಿದರೂ ನನ್ನ ಸಂಗೀತ ಬೀಳುತ್ತಿತ್ತು.

ಅದೇ ಟ್ಯೂನನ್ನು ಆಮೇಲೆ ಮೂರು ಸಲ ಬೇರೆ ಬೇರೆ ರೂಪಕ್ಕೆ ತಂದೆ. ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ: ಈ ಟ್ಯೂನ್ ಕೊನೆಗೆ ಎಲ್ಲಿ ನುಡಿಯುತ್ತದೆ? ಅದಕ್ಕೆ ಉತ್ತರ ಸಿಕ್ಕರೆ ಉಳಿದ ಆಯ್ಕೆಗಳಲ್ಲಿ ಅರ್ಧ ತಾವಾಗಿಯೇ ಇತ್ಯರ್ಥವಾಗುತ್ತವೆ.

ಹೊಸ ಇಂಜಿನ್ನಾ, ಹಳೇ ಯಂತ್ರನಾ?

ಫ್ಯಾನ್ ಗೇಮ್‌ಗಳಲ್ಲಿ ಎರಡು ಜಾತಿ. ಒಂದು, ಗೊಡೋ, ಗೇಮ್‌ಮೇಕರ್, ಆರ್‌ಪಿಜಿ ಮೇಕರ್ ಇಂಥ ಇಂಜಿನ್‌ನಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ಸೊನ್ನೆಯಿಂದ ಕಟ್ಟಿದ್ದು. ಇದು ಕಂಪ್ಯೂಟರ್‌ನಲ್ಲಿ ಓಡುತ್ತದೆ, ಮಾಮೂಲಿ ಆಡಿಯೋ ಫೈಲ್ ನುಡಿಸುತ್ತದೆ. ಇನ್ನೊಂದು ರಾಮ್ (ROM) ಹ್ಯಾಕ್. ಹಳೇ ಗೇಮ್‌ನ ರಾಮ್, ಅಂದರೆ ಅದರ ಕಾರ್ಟ್ರಿಜ್‌ನಲ್ಲಿದ್ದ ಪ್ರೋಗ್ರಾಂನ ನಕಲು, ತೆಗೆದುಕೊಂಡು ಲೆವೆಲ್, ಚಿತ್ರ, ಸಂಗೀತ ಬದಲಿಸುವುದು. ಇಲ್ಲಿ ಸಂಗೀತ ನುಡಿಸುವುದು ಆ ಕಾಲದ ಯಂತ್ರದ ಸೌಂಡ್ ಚಿಪ್, ಅಥವಾ ಅದನ್ನು ಅನುಕರಿಸುವ ಎಮ್ಯುಲೇಟರ್. ಎಂಪಿ3 ಕೊಟ್ಟರೆ ಅದಕ್ಕೆ ಏನು ಮಾಡಬೇಕೆಂದೇ ತಿಳಿಯದು.

ಮಧ್ಯೆ ಮೂರನೆಯ ಗುಂಪೂ ಇದೆ. ಇಂಜಿನ್ ಹೊಸದು, ಸದ್ದು ಮಾತ್ರ ಹಳೆಯದು ಬೇಕು. ನನ್ನ ಗೆಳೆಯನದ್ದು ಇದೇ. ಇಲ್ಲಿ ನಿಮಗೆ ಸ್ವಾತಂತ್ರ್ಯ ಜಾಸ್ತಿ, ಹಾಗಾಗಿ ಗೊಂದಲವೂ ಜಾಸ್ತಿ.

ಯಾವ ಫೈಲ್?

ಮೊದಲು ಮಿಡಿ. ಮಿಡಿ ಫೈಲ್‌ನೊಳಗೆ ಶಬ್ದವೇ ಇರುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ, ಯಾವ ವಾದ್ಯ ಅನ್ನುವ ಸೂಚನೆ ಅಷ್ಟೇ. ಸ್ವರಲಿಪಿ ಬರೆದ ಪುಸ್ತಕ ಇದ್ದ ಹಾಗೆ. ಅದೇ ಪುಟವನ್ನು ಒಬ್ಬರು ವೀಣೆಯಲ್ಲಿ ನುಡಿಸುತ್ತಾರೆ, ಇನ್ನೊಬ್ಬರು ಮಕ್ಕಳ ಕೀಬೋರ್ಡಿನಲ್ಲಿ. ಮಿಡಿ ಬಂದದ್ದು 1983ರಲ್ಲಿ, ಜಪಾನ್‌ನಲ್ಲಿ ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್ ಬಂದ ವರ್ಷವೇ. 16 ಚಾನೆಲ್, 1991ರ ಜನರಲ್ ಮಿಡಿ ಪ್ರಕಾರ 128 ವಾದ್ಯ, 10ನೇ ಚಾನೆಲ್ ತಾಳವಾದ್ಯಗಳಿಗೆ ಮೀಸಲು. ಫೈಲ್ ಕೆಲವೇ ಕಿಲೋಬೈಟ್. ಲಯ ಬದಲಿಸಬಹುದು, ಶ್ರುತಿ ಏರಿಸಬಹುದು, ಒಂದು ಸ್ವರ ತಪ್ಪಿದ್ದರೆ ಅದೊಂದನ್ನೇ ತಿದ್ದಬಹುದು.

ತೊಂದರೆ ಏನೆಂದರೆ, ನಿಮ್ಮ ಮನೆಯಲ್ಲಿ ಒಳ್ಳೆಯ ಸೌಂಡ್‌ಫಾಂಟ್ (ವಾದ್ಯದ ಸದ್ದುಗಳ ಸಂಗ್ರಹ) ಹಾಕಿ ಕೇಳಿದ ಪಿಟೀಲು, ಆಡುವವರ ವಿಂಡೋಸ್‌ನಲ್ಲಿ ಹಳೇ ಮೊಬೈಲ್ ರಿಂಗ್‌ಟೋನ್ ಹಾಗೆ ಕೇಳಿಸಬಹುದು. ಅದೂ ಅಲ್ಲದೆ ಇಂಜಿನ್‌ಗಳ ಬೆಂಬಲವೂ ಕಮ್ಮಿಯಾಗಿದೆ. ಆರ್‌ಪಿಜಿ ಮೇಕರ್ ಎಕ್ಸ್‌ಪಿ ಮಿಡಿ ನುಡಿಸುತ್ತದೆ, ಅದರದೇ ತಮ್ಮ ಎಂವಿ ನುಡಿಸುವುದಿಲ್ಲ. ಗೊಡೋ ಕೂಡ ತಾನಾಗಿ ನುಡಿಸುವುದಿಲ್ಲ. ನನ್ನ ಪ್ರಕಾರ ಮಿಡಿ ನಿಮ್ಮ ಹತ್ತಿರ ಇಟ್ಟುಕೊಳ್ಳುವ ಕೈಬರಹದ ಪ್ರತಿ. ಗೇಮ್‌ಗೆ ಕೊಡುವ ಪ್ರತಿ ಬೇರೆ.

ಇನ್ನು ಎಂಪಿ3. ನನ್ನ ಟಪ್ ಶಬ್ದದ ಕಾರಣ ಇದೇ. ಎಂಪಿ3 ಶಬ್ದವನ್ನು 1152 ಸ್ಯಾಂಪಲ್‌ಗಳ (ಸೆಕೆಂಡಿಗೆ ಸಾವಿರಾರು ಸಲ ಶಬ್ದ ಅಳೆದಿಟ್ಟ ಬಿಂದುಗಳು) ತುಂಡುಗಳಾಗಿ ಕತ್ತರಿಸಿ ಇಡುತ್ತದೆ. ಟ್ಯೂನ್ ಅಷ್ಟಕ್ಕೇ ಸರಿಯಾಗಿ ಮುಗಿಯದಿದ್ದರೆ ಕೊನೆಯ ತುಂಡಿಗೆ ಮೌನ ತುಂಬುತ್ತದೆ. ಎಂಪಿ3 ಮಾಡುವ ಎನ್‌ಕೋಡರ್ ಶುರುವಿನಲ್ಲೂ ಒಂದಿಷ್ಟು ಮೌನ ಸೇರಿಸುತ್ತದೆ. ಒಂದು ಸಲ ಕೇಳುವ ಹಾಡಿಗೆ ಇದು ಯಾರ ಕಿವಿಗೂ ಬೀಳುವುದಿಲ್ಲ. ಸುತ್ತು ಸುತ್ತು ನುಡಿಯುವ ಗೇಮ್ ಸಂಗೀತಕ್ಕೆ ಇದು ಹಲ್ಲಿನ ನಡುವೆ ಸಿಕ್ಕ ನಾರಿನ ಹಾಗೆ. ಟೈಟಲ್, ಕಥೆಯ ದೃಶ್ಯ, ಟ್ರೇಲರ್ ಇಂಥ ಕಡೆ ಎಂಪಿ3 ಪರವಾಗಿಲ್ಲ. ಲೆವೆಲ್ ಟ್ಯೂನ್‌ಗೆ ಬೇಡ.

ಓಜಿಜಿ ವೋರ್ಬಿಸ್ ಅಂದರೆ ಹೆಚ್ಚುಕಮ್ಮಿ ಎಂಪಿ3 ಗಾತ್ರದಲ್ಲೇ ಈ ರೋಗ ಇಲ್ಲದ್ದು. ಎಷ್ಟು ಸ್ಯಾಂಪಲ್ ಕೊಟ್ಟಿರೋ ಅಷ್ಟೇ ವಾಪಸ್ ಕೊಡುತ್ತದೆ. ಸುಮಾರು 128 ಕೆಬಿಪಿಎಸ್‌ನಲ್ಲಿ ಇಟ್ಟರೆ ನಿಮಿಷಕ್ಕೆ ಒಂದು ಎಂಬಿ. ಹೊಸ ಇಂಜಿನ್ ಆದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಹಿಂದೆ ಎಂಪಿ3ಗೆ ಪೇಟೆಂಟ್ ಕಾಟವೂ ಇತ್ತು. ಅದು 2017ರ ಹೊತ್ತಿಗೆ ಮುಗಿಯಿತು. ಹಾಗಾಗಿ ಈಗ ಓಜಿಜಿ ಪರ ಇರುವ ದೊಡ್ಡ ಕಾರಣ ಲೂಪ್ (ಎಡವದೆ ಸುತ್ತಿ ಸುತ್ತಿ ನುಡಿಯುವುದು) ಒಂದೇ.

ವೇವ್ ಸುಲಭ: ಏನೂ ಕಳೆದುಹೋಗುವುದಿಲ್ಲ, ಆದರೆ ಸಿಡಿ ಗುಣಮಟ್ಟದ ಸ್ಟೀರಿಯೋ ನಿಮಿಷಕ್ಕೆ 10 ಎಂಬಿ ನುಂಗುತ್ತದೆ. ಎರಡೆರಡು ನಿಮಿಷದ ಇಪ್ಪತ್ತು ಟ್ಯೂನ್ ಅಂದರೆ 400 ಎಂಬಿ. ಹಾರುವ ಸದ್ದು, ನಾಣ್ಯದ ಸದ್ದು ಇಂಥ ಚಿಕ್ಕವಕ್ಕೆ ಮಾತ್ರ ಇರಲಿ.

ಮಾಡ್ಯೂಲ್ ಫೈಲ್‌ಗಳನ್ನು (ಮಾಡ್, ಎಕ್ಸ್‌ಎಂ, ಐಟಿ) ಈಗ ಜನ ಮರೆತೇಬಿಟ್ಟಿದ್ದಾರೆ, ನನಗೆ ಇಷ್ಟ. ಇದರಲ್ಲಿ ಸ್ವರಲಿಪಿಯೂ ಇದೆ, ವಾದ್ಯದ ಸ್ಯಾಂಪಲ್ಲೂ (ಇಲ್ಲಿ ರೆಕಾರ್ಡ್ ಮಾಡಿದ ಚಿಕ್ಕ ತುಣುಕು ಅನ್ನುವ ಅರ್ಥ) ಇದೆ. ಅಂದರೆ ಪುಸ್ತಕದ ಜೊತೆ ವಾದ್ಯವನ್ನೂ ಕಟ್ಟಿ ಕೊಟ್ಟ ಹಾಗೆ. ಗಾತ್ರ ಚಿಕ್ಕದು, ಎಲ್ಲ ಕಂಪ್ಯೂಟರ್‌ನಲ್ಲೂ ಹೆಚ್ಚುಕಮ್ಮಿ ಒಂದೇ ರೀತಿ ಕೇಳಿಸುತ್ತದೆ. ಯೂನಿಟಿ ಇವನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಗೊಡೋದಲ್ಲಾದರೆ ಬೇರೆ ಪ್ಲಗಿನ್ ಹುಡುಕಬೇಕು, ಅಷ್ಟು ಕಷ್ಟ ಬೇಡ ಅಂದರೆ ಓಜಿಜಿ ಮಾಡಿಬಿಡಿ.

ಒಂದು ಎಚ್ಚರಿಕೆ. ಪರಿವರ್ತನೆಯ ದಾರಿ ಒಂದೇ ಕಡೆಗೆ ಇಳಿಜಾರು. ಮಿಡಿಯಿಂದ ವೇವ್, ವೇವ್‌ನಿಂದ ಓಜಿಜಿ ಸಲೀಸು. ವಾಪಸ್ ಹತ್ತುವುದು ಕಷ್ಟ. ಎಂಪಿ3 ಹಾಕಿದರೆ ಮಿಡಿ ಕೊಡುತ್ತೇವೆ ಅನ್ನುವ ಒಂದು ಸೈಟ್‌ಗೆ ನಾನು ಒಮ್ಮೆ ಒಂದು ಟ್ಯೂನ್ ಹಾಕಿ ನೋಡಿದೆ. ಒಂದೇ ಟ್ರ್ಯಾಕ್‌ನಲ್ಲಿ ಇರುವೆ ಸಾಲಿನ ಹಾಗೆ ಸ್ವರಗಳು ಬಂದವು. ಡ್ರಮ್ ಹೊಡೆತವೂ ಸ್ವರ, ಪ್ರತಿಧ್ವನಿಯೂ ಸ್ವರ. ಚಿತ್ರಾನ್ನ ಕೊಟ್ಟು ನಿಂಬೆಹಣ್ಣು ವಾಪಸ್ ಕೇಳಿದರೆ ಯಾರು ತಾನೇ ಕೊಡುತ್ತಾರೆ? ಇಂಥದ್ದನ್ನು ತಿದ್ದುವುದಕ್ಕಿಂತ ಕಿವಿಯಲ್ಲಿ ಕೇಳಿ ಹೊಸದಾಗಿ ಬರೆಯುವುದು ಬೇಗ ಮುಗಿಯುತ್ತದೆ. ಹಾಗೇ ಎಂಪಿ3ಯನ್ನು ಓಜಿಜಿ ಮಾಡಬೇಡಿ. ಎರಡು ಸಲ ಸೋಸಿದ ಕಾಫಿ ಆಗುತ್ತದೆ, ಟಪ್ ಶಬ್ದವೂ ಹಾಗೇ ಉಳಿಯುತ್ತದೆ. ಮೂಲ ವೇವ್‌ನಿಂದಲೇ ಮಾಡಿ.

ಲೂಪ್ ಲೆಕ್ಕ

ಗೇಮ್ ಟ್ಯೂನ್‌ಗೆ ಸಾಮಾನ್ಯವಾಗಿ ಒಂದು ಪೀಠಿಕೆ ಇರುತ್ತದೆ, ಒಮ್ಮೆ ಮಾತ್ರ ನುಡಿಯುತ್ತದೆ. ಆಮೇಲಿನ ಭಾಗ ಸುತ್ತುತ್ತಲೇ ಇರುತ್ತದೆ. ಇದನ್ನು ಇಂಜಿನ್‌ಗೆ ಹೇಳುವುದು ಹೇಗೆ?

ಆರ್‌ಪಿಜಿ ಮೇಕರ್ ವಿಎಕ್ಸ್ ಏಸ್, ಎಂವಿ ಇವು ಓಜಿಜಿ ಫೈಲ್‌ನ ಟ್ಯಾಗ್ ಓದುತ್ತವೆ. ಲೂಪ್‌ಸ್ಟಾರ್ಟ್, ಲೂಪ್‌ಲೆಂತ್ ಅಂತ ಎರಡು ಟ್ಯಾಗ್. ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಅಂಕಿ ಸ್ಯಾಂಪಲ್ ಲೆಕ್ಕದಲ್ಲಿ, ಸೆಕೆಂಡ್‌ನಲ್ಲಲ್ಲ. ಆಡಾಸಿಟಿ ಅನ್ನುವ ಆಡಿಯೋ ಎಡಿಟರ್‌ನ ಮೆಟಾಡೇಟಾ ಕಿಟಕಿಯಲ್ಲೇ ಸೇರಿಸಬಹುದು. ಗೊಡೋದಲ್ಲಿ ಇಂಪೋರ್ಟ್ ಮಾಡುವಾಗ ಲೂಪ್ ಆನ್ ಮಾಡಿ, ಎಲ್ಲಿಂದ ಮತ್ತೆ ಶುರು ಅನ್ನುವುದನ್ನು ಸೆಕೆಂಡ್‌ನಲ್ಲಿ ಕೊಡಬೇಕು. ಅದು ಫೈಲ್‌ನ ಕೊನೆಯವರೆಗೂ ಹೋಗಿ ಆ ಜಾಗಕ್ಕೆ ಜಿಗಿಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ನಿಮಿಷಕ್ಕೆ 120 ಬೀಟ್, ಬಾರ್‌ಗೆ ನಾಲ್ಕು ಬೀಟ್. ಒಂದು ಬಾರ್ ಅಂದರೆ 2 ಸೆಕೆಂಡ್. 44,100 ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಅಷ್ಟು ಸ್ಯಾಂಪಲ್) 88,200 ಸ್ಯಾಂಪಲ್. ಪೀಠಿಕೆ 4 ಬಾರ್ ಇದ್ದರೆ ಲೂಪ್ ಶುರು 3,52,800ಕ್ಕೆ. ಸುತ್ತುವ ಭಾಗ 32 ಬಾರ್ ಇದ್ದರೆ ಉದ್ದ 28,22,400. ಟ್ಯಾಗ್‌ನಲ್ಲಿ ಅಂಕಿ ಬರೆಯುವಾಗ ಅಲ್ಪವಿರಾಮ ಹಾಕಬೇಡಿ.

ಲಯ ಆರಿಸುವಾಗಲೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. 140 ಬೀಟ್‌ಗೆ ಒಂದು ಬಾರ್ ಸರಿಯಾಗಿ 75,600 ಸ್ಯಾಂಪಲ್. 150ಕ್ಕೆ 70,560. ಆದರೆ 130 ಇಟ್ಟರೆ 81,415 ಚಿಲ್ಲರೆ. ಚಿಲ್ಲರೆ ಬಂದರೆ ಪ್ರಳಯವೇನೂ ಆಗುವುದಿಲ್ಲ, ಆದರೂ ಪೂರ್ಣಾಂಕ ಇದ್ದರೆ ತಲೆನೋವು ಕಮ್ಮಿ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ನನ್ನ ಎರಡನೇ ಸಲದ ಫೈಲ್ ಎಡವಿತು. ಈ ಸಲ ಮೌನ ಇರಲಿಲ್ಲ, ತಾಳವೇ ತಪ್ಪುತ್ತಿತ್ತು. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು: ಲೆಕ್ಕ ಮಾಡಿದ್ದು 44,100ಕ್ಕೆ, ಎಕ್ಸ್‌ಪೋರ್ಟ್ ಮಾಡಿದ್ದು 48,000ಕ್ಕೆ. ಮೇಲಿನ ಉದಾಹರಣೆಯ ಅಂಕಿಗಳಲ್ಲಿ ಹೇಳುವುದಾದರೆ, 8ನೇ ಸೆಕೆಂಡಿಗೆ ಶುರುವಾಗಬೇಕಿದ್ದ ಲೂಪ್ 7.35ಕ್ಕೆ ಶುರುವಾಗುವ ಹಾಗೆ. 64 ಸೆಕೆಂಡ್ ಸುತ್ತಬೇಕಿದ್ದದ್ದು 58.8ಕ್ಕೇ ಜಿಗಿಯುವ ಹಾಗೆ. ತಪ್ಪು ಪೂರ್ತಿ ನನ್ನದೇ.

ಇನ್ನೊಂದು ಸೂಕ್ಷ್ಮ, ರಿವರ್ಬ್ (ಪ್ರತಿಧ್ವನಿ) ಬಾಲ. ಕೊನೆಯ ಬಾರ್‌ನ ಗುಂಯ್ ಅನ್ನುವ ನಾದ ಲೂಪ್ ಜಿಗಿದ ಕೂಡಲೇ ಕಡಿದುಹೋಗುತ್ತದೆ. ಇದಕ್ಕೆ ಸುಲಭ ಉಪಾಯ: ಸುತ್ತುವ ಭಾಗವನ್ನು ಎರಡು ಸಲ ಬರೆದು, ಎರಡನೇ ಸುತ್ತಿನ ಒಂದು ಬಾರ್ ಆದ ಮೇಲೆ ಫೈಲ್ ಕತ್ತರಿಸಿ. ಲೂಪ್ ಶುರುವನ್ನೂ ಒಂದು ಬಾರ್ ಮುಂದೆ ಹಾಕಿ, ಅಂದರೆ ಮೇಲಿನ ಲೆಕ್ಕದಲ್ಲಿ 4,41,000ಕ್ಕೆ. ಉದ್ದ ಅಷ್ಟೇ ಇರಲಿ. ಬಾಲ ಆ ಹೆಚ್ಚುವರಿ ಬಾರ್‌ನಲ್ಲಿ ಪೂರ್ತಿ ಕೇಳಿ ಆರುತ್ತದೆ, ಆಮೇಲೆ ಜಿಗಿತ. ಕಿವಿಗೆ ಗೊತ್ತೇ ಆಗುವುದಿಲ್ಲ.

ಪಿಯಾನೋ ರೋಲಾ, ಟ್ರ್ಯಾಕರಾ?

ಎಲ್‌ಎಂಎಂಎಸ್, ರೀಪರ್, ಎಫ್‌ಎಲ್ ಸ್ಟುಡಿಯೋ ಇವೆಲ್ಲ ಡಿಎಡಬ್ಲ್ಯು (ಕಂಪ್ಯೂಟರ್‌ನಲ್ಲಿ ಸಂಗೀತ ಕಟ್ಟುವ ಸಾಫ್ಟ್‌ವೇರ್) ಜಾತಿ. ಕಾಲ ಎಡದಿಂದ ಬಲಕ್ಕೆ ಹರಿಯುತ್ತದೆ, ಸ್ವರಗಳು ಪಟ್ಟಿಪಟ್ಟಿಯಾಗಿ ಕಾಣುತ್ತವೆ, ಇದೇ ಪಿಯಾನೋ ರೋಲ್. ಎಲ್‌ಎಂಎಂಎಸ್ ಪುಕ್ಕಟೆ. ಹೊಸ ಇಂಜಿನ್, ಹೊಸ ಸದ್ದು ಎರಡೂ ಬೇಕಾದವರಿಗೆ ಇದೇ ಸರಿ, ಜಾಸ್ತಿ ಯೋಚಿಸಬೇಕಿಲ್ಲ.

ಟ್ರ್ಯಾಕರ್ ನೋಡಿದ ಕೂಡಲೇ ಹೊಸಬರು ಹೆದರುತ್ತಾರೆ. ಬ್ಯಾಂಕ್ ಲೆಡ್ಜರ್ ತರಹ ಕಾಣುತ್ತದೆ, ಕಾಲ ಮೇಲಿನಿಂದ ಕೆಳಕ್ಕೆ, ಒಂದೊಂದು ಚಾನೆಲ್‌ಗೆ ಒಂದೊಂದು ಕಂಬಸಾಲು, ಅಂಕಿಗಳು ಹದಿನಾರರ ಲೆಕ್ಕದಲ್ಲಿ. ಆದರೆ ತಾಳ ಹಾಕಿ ಕಲಿತವರಿಗೆ ಇದು ಬೇಗ ಒಗ್ಗುತ್ತದೆ ಅನ್ನುವುದು ನನ್ನ ಅನುಭವ. ಬೀಟ್‌ಗೆ ನಾಲ್ಕು ಸಾಲು ಇಟ್ಟರೆ 32 ಸಾಲಿಗೆ ಆದಿತಾಳದ ಒಂದು ಆವರ್ತ. ಸ್ವರ ಬರೆದ ಪುಟವನ್ನೇ ನಿಲ್ಲಿಸಿದ ಹಾಗೆ. ನಿಂಟೆಂಡೊ ಎನ್‌ಇಎಸ್ (ಹಳೇ 8-ಬಿಟ್ ಗೇಮ್ ಯಂತ್ರ) ಸದ್ದಿಗೆ ಫಾಮಿಟ್ರ್ಯಾಕರ್, ಹಲವು ಚಿಪ್‌ಗಳಿಗೆ ಫರ್ನೇಸ್, ಮಾಡ್ಯೂಲ್ ಫೈಲ್‌ಗಳಿಗೆ ಓಪನ್‌ಎಂಪಿಟಿ. ಮೂರೂ ಪುಕ್ಕಟೆ.

8-ಬಿಟ್ ಸದ್ದು ಬೇಕು ಅಂತ ಡಿಎಡಬ್ಲ್ಯುನಲ್ಲಿ ಚೌಕ ಅಲೆಯ ಪ್ಲಗಿನ್ ಹಾಕಿ ಹನ್ನೆರಡು ಟ್ರ್ಯಾಕ್ ಪೇರಿಸುವವರು ತುಂಬ. ಮೇಲೆ ರಿವರ್ಬ್ ಬೇರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆ ಕಾಲದ ಟ್ಯೂನ್‌ಗಳ ರುಚಿ ಬಂದದ್ದೇ ಜಾಗದ ಅಭಾವದಿಂದ. ಹಾಗಾಗಿ ಹೊಸ ಇಂಜಿನ್ ಆದರೂ ಹಳೇ ಸದ್ದು ಬೇಕಿದ್ದರೆ ಟ್ರ್ಯಾಕರ್‌ನಲ್ಲಿ ಮಾಡಿ, ವೇವ್ ತೆಗೆದು, ಓಜಿಜಿ ಮಾಡಿ. ನನ್ನ ಮೂರನೇ ಸಲದ ಪ್ರಯತ್ನ ಇದೇ, ಗೆದ್ದದ್ದೂ ಇದೇ.

ಹನ್ನೊಂದು ಟ್ರ್ಯಾಕ್ ನಾಲ್ಕಕ್ಕೆ ಇಳಿಸುವುದು

ಎನ್‌ಇಎಸ್ ಚಿಪ್‌ನಲ್ಲಿ ಐದು ಚಾನೆಲ್: ಎರಡು ಪಲ್ಸ್ (ಚೌಕ ಅಲೆ), ಒಂದು ಟ್ರಯಾಂಗಲ್ (ತ್ರಿಕೋನ ಅಲೆ), ಒಂದು ನಾಯ್ಸ್ (ಗರಗರ ಸದ್ದು), ಇನ್ನೊಂದು ಚಿಕ್ಕ ಸ್ಯಾಂಪಲ್‌ಗಳಿಗೆ. ನನ್ನ ಮಿಡಿಯಲ್ಲಿ ಹನ್ನೊಂದು ಟ್ರ್ಯಾಕ್ ಇತ್ತು. ಆಟೋ ಕನ್ವರ್ಟರ್‌ಗೆ ಕೊಟ್ಟರೆ ಅದು ಮೊದಲ ನಾಲ್ಕನ್ನು ತುರುಕಿ ಉಳಿದದ್ದನ್ನು ಎಸೆಯಿತು. ಎಸೆದದ್ದರಲ್ಲಿ ಮುಖ್ಯ ರಾಗವೂ ಇತ್ತು!

ಕೈಯಾರೆ ಮಾಡಿದಾಗ ಹೀಗೆ ಹಂಚಿದೆ. ಮುಖ್ಯ ರಾಗ ಒಂದು ಪಲ್ಸ್‌ಗೆ. ಬೇಸ್ ಟ್ರಯಾಂಗಲ್‌ಗೆ. ಇದಕ್ಕೆ ಜೋರು-ಮೆತ್ತಗೆ ಇಲ್ಲ, ನುಡಿಯುತ್ತದೆ ಅಥವಾ ನಿಲ್ಲುತ್ತದೆ ಅಷ್ಟೇ. ಡ್ರಮ್ ನಾಯ್ಸ್‌ಗೆ. ಉಳಿದ ಪಲ್ಸ್‌ಗೆ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ). ಒಂದು ಚಾನೆಲ್ ಒಮ್ಮೆಗೆ ಒಂದೇ ಸ್ವರ ನುಡಿಸುತ್ತದೆ, ಕಾರ್ಡ್‌ಗೆ ಮೂರು ಬೇಕಲ್ಲ? ಫಾಮಿಟ್ರ್ಯಾಕರ್‌ನಲ್ಲಿ ಎಫೆಕ್ಟ್ ಕಂಬದಲ್ಲಿ 047 ಅಂತ ಬರೆದರೆ ಮೇಜರ್ ಕಾರ್ಡ್‌ನ ಮೂರು ಸ್ವರ ಮಿಂಚಿನ ಹಾಗೆ ಸರದಿಯಲ್ಲಿ ಬರುತ್ತವೆ. 037 ಬರೆದರೆ ಮೈನರ್. ಆ ಗುಳುಗುಳು ಶಬ್ದ ನಿಮಗೆ ಗೊತ್ತಿರುವುದೇ. ಹಿನ್ನೆಲೆಯ ಪಿಟೀಲುಗಳನ್ನು ಸುಮ್ನೆ ಕೈಬಿಟ್ಟೆ. ರಾಗ ನಿಂತ ಕಡೆ ಅದೇ ರಾಗವನ್ನು ಎರಡನೇ ಪಲ್ಸ್‌ನಲ್ಲಿ ಎರಡು ಸಾಲು ತಡವಾಗಿ, ಮೆತ್ತಗೆ ಬರೆದೆ. ರಿವರ್ಬ್ ಬೇಕಾಗಲೇ ಇಲ್ಲ.

ಲಯದ್ದು ಬೇರೆ ಕಥೆ. ಈ ಯಂತ್ರ ಸೆಕೆಂಡಿಗೆ 60 ಸಲ ಮಿಡಿಯುತ್ತದೆ. ಒಂದು ಸಾಲಿಗೆ 6 ಮಿಡಿತ ಕೊಟ್ಟರೆ, ಬೀಟ್‌ಗೆ ನಾಲ್ಕು ಸಾಲಿನ ಲೆಕ್ಕದಲ್ಲಿ ನಿಮಿಷಕ್ಕೆ 150 ಬೀಟ್. 7 ಕೊಟ್ಟರೆ ಸುಮಾರು 128.6. ನನ್ನ ಮಿಡಿ ಇದ್ದದ್ದು 140ರಲ್ಲಿ. ನಡುವಿನ ಲಯ ಬೇಕೆಂದರೆ ಕೆಲವು ಸಾಲು 6, ಕೆಲವು 7 ಅಂತ ಕುಂಟುತ್ತಾ ಹೋಗಬೇಕು. ನಾನು 150ಕ್ಕೇ ಏರಿಸಿಬಿಟ್ಟೆ. ಲೆವೆಲ್‌ಗೆ ಇನ್ನೂ ಚುರುಕು ಬಂತು ಅಂದ ಗೆಳೆಯ.

ಆಟೋ ಕನ್ವರ್ಟರ್ ಎಲ್ಲಿ ಸೋಲುತ್ತದೆ ಅಂದರೆ ಜಾರು ಸ್ವರಗಳಲ್ಲಿ. ಗಮಕದ ರುಚಿ ಇರುವ ರಾಗ ಬರೆದು, ಮಿಡಿಯಲ್ಲಿ ಪಿಚ್ ಬೆಂಡ್ ಹಾಕಿ ಒಲಿಸಿಕೊಂಡಿದ್ದೆ. ಪರಿವರ್ತನೆ ಆದ ಮೇಲೆ ಹಾರ್ಮೋನಿಯಂ ಮೆಟ್ಟಿಲು ಹತ್ತಿದ ಹಾಗೆ ಟಕ ಟಕ. ಟ್ರ್ಯಾಕರ್‌ನಲ್ಲಿ ಜಾರುವುದಕ್ಕೆ 3ರ ಎಫೆಕ್ಟ್, ಕಂಪನಕ್ಕೆ 4ರ ಎಫೆಕ್ಟ್ ಇದೆ. ಒಂದೊಂದು ಸ್ವರಕ್ಕೂ ಕೈಯಿಂದ ಬರೆಯಬೇಕು. ಎಂಟು ಬಾರ್‌ಗೆ ಒಂದು ಸಂಜೆ ಹಿಡಿಯಿತು.

ನಿಜವಾದ ಎನ್‌ಇಎಸ್ ರಾಮ್‌ಗೆ ಬರೆಯುತ್ತಿದ್ದರೆ ಇನ್ನೊಂದು ಕೇಳಿಕೊಳ್ಳಿ: ಹಾರುವ ಸದ್ದು, ಗುಂಡಿನ ಸದ್ದು ಯಾವ ಚಾನೆಲ್ ಕಸಿದುಕೊಳ್ಳುತ್ತವೆ? ಆ ಚಾನೆಲ್‌ನಲ್ಲಿ ಮುಖ್ಯ ರಾಗ ಇಟ್ಟರೆ ಪ್ರತಿ ಜಿಗಿತಕ್ಕೂ ರಾಗ ಕಡಿಯುತ್ತದೆ.

64 ಕೆಬಿ ಹಾಸಿಗೆ

ಸೂಪರ್ ನಿಂಟೆಂಡೊದಲ್ಲಿ ಎಂಟು ಚಾನೆಲ್, ಎಲ್ಲವೂ ಸ್ಯಾಂಪಲ್ ನುಡಿಸುತ್ತವೆ. ಕೇಳಲು ಶ್ರೀಮಂತ. ಆದರೆ ಸೌಂಡ್ ಚಿಪ್‌ಗೆ ಇರುವ ಮೆಮೊರಿ 64 ಕೆಬಿ ಮಾತ್ರ. ನುಡಿಸುವ ಪ್ರೋಗ್ರಾಂ, ಸ್ವರಗಳು, ವಾದ್ಯಗಳ ಸ್ಯಾಂಪಲ್, ಎಕೋ ಎಲ್ಲ ಅದರೊಳಗೇ. ಸ್ಯಾಂಪಲ್‌ಗಳು ಬಿಆರ್‌ಆರ್ ಅನ್ನುವ ರೂಪದಲ್ಲಿ ಇರಬೇಕು: ಪ್ರತಿ 16 ಸ್ಯಾಂಪಲ್‌ಗೆ 9 ಬೈಟ್. 32,000 ರೇಟ್‌ನಲ್ಲಿ ಮೂರು ಸೆಕೆಂಡಿನ ಒಂದು ವಾದ್ಯ ಹಾಕಿದರೆ 54,000 ಬೈಟ್, ಅಲ್ಲಿಗೆ ಮುಗಿಯಿತು. ಎಕೋ ಕೂಡ ಬಾಡಿಗೆ ಕೇಳುತ್ತದೆ, ಪ್ರತಿ 16 ಮಿಲಿಸೆಕೆಂಡ್ ತಡಕ್ಕೆ 2 ಕೆಬಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ವಾದ್ಯದ ಚಿಕ್ಕ ತುಣುಕು ತೆಗೆದು, 16ರ ಗುಣಾಕಾರಕ್ಕೆ ಸರಿಯಾಗಿ ಲೂಪ್ ಮಾಡಿ, ರೇಟ್ ಇಳಿಸುವುದೇ ಇಲ್ಲಿನ ಅಡುಗೆ.

ಸೂಪರ್ ಮಾರಿಯೋ ವರ್ಲ್ಡ್ ಹ್ಯಾಕ್ ಮಾಡುವವರು ಆಡ್‌ಮ್ಯೂಸಿಕ್‌ಕೆ ಬಳಸುತ್ತಾರೆ. ಟ್ಯೂನನ್ನು ಪಠ್ಯವಾಗಿ ಬರೆಯಬೇಕು: ಸ್ವರಕ್ಕೆ ಅಕ್ಷರ, ಉದ್ದಕ್ಕೆ ಅಂಕಿ, ಪೀಠಿಕೆ ಮುಗಿದು ಲೂಪ್ ಶುರುವಾಗುವ ಕಡೆ ಒಂದು ಓರೆಗೀಟು. ಮೇಲಿನ ಸ್ಯಾಂಪಲ್ ಲೆಕ್ಕ ಯಾವುದೂ ಬೇಡ. ಮಿಡಿಯಿಂದ ಈ ಪಠ್ಯ ಮಾಡಿಕೊಡುವ ಪರಿಕರಗಳಿವೆ. ಕರಡಿಗೆ ಪರವಾಗಿಲ್ಲ, ಆಮೇಲೆ ಕೂತು ತಿದ್ದಲೇಬೇಕು.

ಸೆಗಾ ಮೆಗಾ ಡ್ರೈವ್ ಬೇರೆಯೇ ಪ್ರಪಂಚ. ಆರು ಎಫ್‌ಎಂ (ಒಂದು ಅಲೆಯಿಂದ ಇನ್ನೊಂದನ್ನು ಕುಲುಕಿ ಸದ್ದು ಹುಟ್ಟಿಸುವ) ಚಾನೆಲ್, ಜೊತೆಗೆ ನಾಲ್ಕು ಸಾದಾ ಚಾನೆಲ್. ವಾದ್ಯದ ಸದ್ದನ್ನೇ ನೀವು ಹುಟ್ಟಿಸಬೇಕು. ಮಿಡಿಯ ಪಿಯಾನೋ ಇಲ್ಲಿ ಪಿಯಾನೋ ಆಗುವುದಿಲ್ಲ. ಮೊದಲ ಪ್ರಯತ್ನಕ್ಕೆ ಇದನ್ನು ಆರಿಸಬೇಡಿ ಅಂತಲೇ ಹೇಳುತ್ತೇನೆ.

ಯಾರ ಟ್ಯೂನ್?

ಹಳೇ ಗೇಮ್‌ನ ಟ್ಯೂನನ್ನೇ ಹೊಸದಾಗಿ ಜೋಡಿಸುವುದಾ, ಅದರ ಧಾಟಿಯಲ್ಲಿ ಸ್ವಂತದ್ದು ಬರೆಯುವುದಾ? ಮೊದಲನೆಯದಕ್ಕೆ ಆಡುವವರ ಪ್ರೀತಿ ತಕ್ಷಣ ಸಿಗುತ್ತದೆ. ಆದರೆ ನೀವು ಎಷ್ಟೇ ಬೇರೆ ವಾದ್ಯ ಹಾಕಿದರೂ ರಾಗದ ಹಕ್ಕು ಮೂಲದವರದ್ದೇ. ಎಎಂ2ಆರ್ ಅನ್ನುವ ಮೆಟ್ರಾಯ್ಡ್ ಫ್ಯಾನ್ ಗೇಮ್ 2016ರ ಆಗಸ್ಟ್‌ನಲ್ಲಿ ಬಂದ ಬೆನ್ನಲ್ಲೇ ನಿಂಟೆಂಡೊ ಕಡೆಯಿಂದ ಹಕ್ಕುಸ್ವಾಮ್ಯದ ನೋಟಿಸ್ ಹೋಗಿ ಡೌನ್‌ಲೋಡ್ ಲಿಂಕ್‌ಗಳು ಇಳಿದವು. ಮರುವರ್ಷ ಸೆಗಾ ಬಿಡುಗಡೆ ಮಾಡಿದ ಸೋನಿಕ್ ಮೇನಿಯಾ ಮಾಡಿದವರಲ್ಲಿ ಫ್ಯಾನ್ ಗೇಮ್ ಹಿನ್ನೆಲೆಯವರೇ ಇದ್ದರು. ಅದಕ್ಕೆ ಸಂಗೀತ ಕೊಟ್ಟ ಟೀ ಲೋಪ್ಸ್ ಮುಂಚೆ ಸೋನಿಕ್ ಟ್ಯೂನ್‌ಗಳ ರೀಮಿಕ್ಸ್ ಯೂಟ್ಯೂಬ್‌ಗೆ ಹಾಕುತ್ತಿದ್ದವರು. ಕಂಪನಿಯಿಂದ ಕಂಪನಿಗೆ ಮನಸ್ಸು ಬೇರೆ, ಅದನ್ನು ನಂಬಿ ಕೂರುವ ಹಾಗಿಲ್ಲ.

ನಾನು ಸ್ವಂತ ಟ್ಯೂನ್ ಪರ. ನಾಳೆ ಗೇಮ್ ಇಳಿದುಹೋದರೂ ಟ್ಯೂನ್ ನನ್ನ ಹತ್ತಿರ ಉಳಿಯುತ್ತದೆ, ಇನ್ನೊಂದು ಗೇಮ್‌ಗೆ ಕೊಡಬಹುದು. ನೆಟ್‌ನಲ್ಲಿ ಸಿಕ್ಕ ಮಿಡಿ ಬಳಸುವುದಾದರೆ ಅದನ್ನು ಕೂತು ಬರೆದವರು ಬೇರೆ ಯಾರೋ ಇರುತ್ತಾರೆ. ಅವರನ್ನು ಕೇಳಿ, ಕ್ರೆಡಿಟ್‌ನಲ್ಲಿ ಹೆಸರು ಹಾಕಿ.

ಈಗ ಗೆಳೆಯನಿಗೆ ಪ್ರತಿ ಟ್ಯೂನ್‌ಗೂ ಒಂದು ಫೋಲ್ಡರ್ ಕಳಿಸುತ್ತೇನೆ. ಅದರಲ್ಲಿ ಓಜಿಜಿ, ಮೂಲ ವೇವ್, ಟ್ರ್ಯಾಕರ್ ಫೈಲ್, ಜೊತೆಗೆ ಒಂದು ಪಠ್ಯ ಫೈಲ್: ಲಯ, ಸ್ಯಾಂಪಲ್ ರೇಟ್, ಲೂಪ್ ಶುರು, ಲೂಪ್ ಉದ್ದ. ಹೋದ ಸಲ ಸ್ಯಾಂಪಲ್ ರೇಟ್ ಬರೆಯುವುದು ಮರೆತಿದ್ದೆ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು.